ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗೋಕೆ ಯಾವ ಬ್ಲ್ಯಾಕೌಟ್ ಕರ್ಟನ್ ತಗೊಳ್ಳಲಿ?

ಮೇಲಿನ ಮಹಡಿ, ಮೂಡಣ ಕಿಟಕಿ, ನೈಟ್ ಡ್ಯೂಟಿ. ಕಪ್ಪೋ ಬೂದಿಯೋ, ಬೆಳಕು ತಡೆಯೋದು 90 ಪರ್ಸೆಂಟೋ 100 ಪರ್ಸೆಂಟೋ, 8 ಸಾವಿರದೊಳಗೆ ಯಾವುದು ಅಂತ ಕೇಳಿದ್ದೀರಿ. ಊರಿನ ಹೆಸರೊಂದು ಬದಲಾಯಿಸಿದರೆ ಇದು ನನ್ನದೇ ಪ್ರಶ್ನೆ.

ನಾನು ಸ್ಟಾಫ್ ನರ್ಸ್. ಆಗ ಬಳ್ಳಾರಿಯಲ್ಲಿ ಬಾಡಿಗೆಗಿದ್ದೆವು. ಡ್ಯೂಟಿ ರಾತ್ರಿ 8ರಿಂದ ಬೆಳಿಗ್ಗೆ 8. ಮನೆಗೆ ಬಂದು ಸ್ನಾನ ಮಾಡಿ, ಒಗ್ಗರಣೆ ಮಂಡಕ್ಕಿಯೋ ಏನೋ ಒಂದಿಷ್ಟು ತಿಂದು ಒಂಬತ್ತೂವರೆಗೆ ಮಲಗುತ್ತಿದ್ದೆ. ಹತ್ತೂವರೆಗೆ ಎಚ್ಚರ. ಆಮೇಲೆ ಹೊರಳಾಟ, ಒಂದು ಗಂಟೆಯವರೆಗೆ ಅರೆನಿದ್ದೆ, ಅಷ್ಟೇ. ಏಪ್ರಿಲ್ ತಿಂಗಳು, ಬಳ್ಳಾರಿ ಬಿಸಿಲು, ತಲೆ ಮೇಲೆ ಕಾದ ಆರ್‌ಸಿಸಿ. ನಿಮಗೆ ಬಿಡಿಸಿ ಹೇಳಬೇಕಾ?

ಕರ್ಟನ್ ಹಾಕಿಸಿದರೆ ಎಲ್ಲ ಸರಿಹೋಗುತ್ತೆ ಅಂದುಕೊಂಡೆ. ಒಳ್ಳೇದನ್ನೇ ತಗೊಂಡೆ, ಹಿಂದೆ ರಬ್ಬರಿನ ಹಾಗೆ ದಪ್ಪ ಕೋಟಿಂಗ್ ಇದ್ದದ್ದು. ಬಟ್ಟೆ, ಹೊಲಿಗೆ, ರಾಡು ಎಲ್ಲ ಸೇರಿ 6,800 ರೂಪಾಯಿ. ಅಳತೆ ತಗೊಂಡಿದ್ದು ನಾನೇ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ. ಟೇಲರ್ ಕೇಳಿದ, "ಅಕ್ಕಾ, ಸೈಡಿಗೆ ಎಷ್ಟು ಬಿಡ್ಲಿ? ಮೇಲೆ ಎಷ್ಟು?" "ಏನೂ ಬೇಡಪ್ಪ, ಕಿಟಕಿ ಅಳತೆಗೇ ಹೊಲಿ. ಬಟ್ಟೆ ರೇಟ್ ನೋಡಿದ್ದೀಯಲ್ಲ" ಅಂದೆ. ಅವನು ಇನ್ನೊಂದು ಸಲ ಕೇಳಿದ. ನಾನು ಇನ್ನೊಂದು ಸಲ ಅದನ್ನೇ ಹೇಳಿದೆ.

ಈ ಒಂದು ಮಾತಿಗೆ ನಾನು ಎರಡು ತಿಂಗಳ ನಿದ್ದೆ ತೆತ್ತೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ.

ರಿಂಗ್ ಇರುವ ಕರ್ಟನ್ ರಾಡಿಗೆ ಹೋದ ಕೂಡಲೇ ಅಲೆ ಅಲೆಯಾಗಿ ನಿಲ್ಲುತ್ತೆ. ಆ ಅಲೆ ಅಗಲವನ್ನು ತಿನ್ನುತ್ತೆ. ನಾಲ್ಕಡಿ ಬಟ್ಟೆ ರಾಡಿನ ಮೇಲೆ ಮೂರಡಿಯೂ ಬರಲ್ಲ. ಎರಡೂ ಕೈಯಲ್ಲಿ ಎಳೆದು ಎಳೆದು ಮುಚ್ಚಿದರೆ ನಡುವೆ ಬಾಯಿ ಬಿಡುತ್ತೆ. ನಡುವೆ ಕ್ಲಿಪ್ ಹಾಕಿದರೆ ಎರಡು ಬದಿ ಬಾಯಿ ಬಿಡುತ್ತೆ. ಇನ್ನು ರಾಡಿನ ಬ್ರಾಕೆಟ್ಟು ಗೋಡೆಯಿಂದ ಮೂರು ಇಂಚು ಮುಂದಕ್ಕೆ ಇರುತ್ತಲ್ಲ, ಬಟ್ಟೆ ಕಿಟಕಿಯಷ್ಟೇ ಅಗಲವಿದ್ದರೆ ಆ ಮೂರು ಇಂಚಿನ ಓಣಿಯಲ್ಲಿ ಬೆಳಕು ಅಡ್ಡಡ್ಡ ನುಗ್ಗುತ್ತೆ. ಮೇಲೆ ರಿಂಗುಗಳ ನಡುವೆ ಡೊಂಕು ಡೊಂಕಾಗಿ ಬೆಳಕು ಹತ್ತಿ ಸೂರಿಗೆ ಬೀಳುತ್ತೆ. ಸೂರು ಬಿಳಿ ಸುಣ್ಣದ್ದು. ಕೋಣೆಗೆಲ್ಲ ಅದೇ ಲೈಟು. ಇದೆಲ್ಲದರ ಮೇಲೆ ಕಿಟಕಿ ಮೇಲೊಂದು ವೆಂಟಿಲೇಟರ್ ಇತ್ತು. ಅದನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ!

ಸಂದಿಯಲ್ಲಿ ಬರೋದು ಸೋಸಿದ ಬೆಳಕಲ್ಲ, ನೇರ ಬಿಸಿಲು. ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಟ್ಯೂಬ್‌ಲೈಟ್ ಉರಿಯುವ ಆಫೀಸು 300ರಿಂದ 500. ಹುಣ್ಣಿಮೆ ಬೆಳದಿಂಗಳು ಅರ್ಧ ಲಕ್ಸೂ ಇಲ್ಲ, ಆದರೂ ನಮಗೆ ಅದರಲ್ಲಿ ದಾರಿ ಕಾಣುತ್ತೆ. ಹಾಗಿದ್ದ ಮೇಲೆ ಬಟ್ಟೆ 90 ಪರ್ಸೆಂಟೋ 100 ಪರ್ಸೆಂಟೋ ಅನ್ನೋ ಚರ್ಚೆ, ಬಾಗಿಲು ತೆರೆದಿಟ್ಟು ಬೀಗ ಯಾವುದು ಒಳ್ಳೇದು ಅಂತ ಕೇಳಿದ ಹಾಗೆ.

ನನಗೆ ಆ ಬಿಸಿಲಿನ ಪಟ್ಟಿ ಈಗಲೂ ಕಣ್ಣಿಗೆ ಕಟ್ಟಿದೆ. ಸಜ್ಜಾ ಗೇಣುದ್ದದ್ದು, ತಡೆಯೋದೇನೂ ಇಲ್ಲ. ನಾನು ಮಲಗಿದಾಗ ಎರಡು ಬೆರಳಗಲದ ಬಿಸಿಲು ಮಂಚದ ಆಚೆ ನೆಲದ ಮೇಲಿರುತ್ತಿತ್ತು. ಸೂರ್ಯ ಏರಿದ ಹಾಗೆ ಅದು ಹಾಸಿಗೆ ಹತ್ತಿ, ಕಾಲಿನಿಂದ ಸೊಂಟ, ಸೊಂಟದಿಂದ ಎದೆ ಅಂತ ತೆವಳಿಕೊಂಡು ಬಂದು ಹತ್ತೂವರೆಗೆ ಸರಿಯಾಗಿ ದಿಂಬಿನ ಮೇಲೆ. ಪಕ್ಕಕ್ಕೆ ತಿರುಗಿದರೆ ಎದುರಿಗೆ ಬೀರು. ಬೀರುವಿನ ಕನ್ನಡಿಯಲ್ಲಿ ಇನ್ನೊಂದು ಕಿಟಕಿ, ಇನ್ನಷ್ಟು ಸಂದಿ, ಎಲ್ಲವೂ ಫಳಫಳ. ಅದಕ್ಕೆ ಹಳೇ ಸೀರೆ ಇಳಿಬಿಟ್ಟೆ. ನಿಜ ಹೇಳಬೇಕೆಂದರೆ 6,800ರ ಕರ್ಟನ್‌ಗಿಂತ ಆ ಸೀರೆಯಿಂದ ಆದ ಉಪಕಾರ ಜಾಸ್ತಿ.

ನೀವು ಸುಮ್ನೆ ಏನೇನೋ ಕೊಳ್ಳೋಕೆ ಮುಂಚೆ ಇದು ಆಟವಲ್ಲ ಅಂತಲೂ ಹೇಳಿಬಿಡ್ತೀನಿ. ಒಂದು ರಾತ್ರಿ ಆರನೇ ಬೆಡ್ಡಿನ ಬಿಪಿಯನ್ನು ಎಂಟನೇ ಬೆಡ್ಡಿನ ಚಾರ್ಟಿನಲ್ಲಿ ಬರೆದಿದ್ದೆ. ಬರೆದದ್ದು ನೆನಪೇ ಇಲ್ಲ. ಹಿರಿಯ ಸಿಸ್ಟರ್ ಒಬ್ಬರು ನೋಡಿ ಮೆಲ್ಲಗೆ ಪೆನ್ನು ಕೈಗೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಅವತ್ತು ಮನೆಗೆ ಬಂದು ಅಳ್ತಾ ಕೂತಿದ್ದೆ. ಅತ್ತೆ ಅಲ್ಲಿಯವರೆಗೂ ನನ್ನ ಕತ್ತಲೆಗೆ ವಿರೋಧ. "ಹಗಲು ಹೊತ್ತು ಮನೆ ಕತ್ತಲು ಮಾಡಿಕೊಂಡರೆ ಲಕ್ಷ್ಮಿ ಹೆಂಗ್ ಬರ್ತಾಳೆ?" ಅಂತ ಆಗಾಗ ಬಂದು ಪರದೆ ಸರಿಸೋರು. ಅವರು ಕಂಬಳಿಗೆ ಹೆಸರಾದ ಚಳ್ಳಕೆರೆ ಕಡೆಯವರು. ಏನೂ ಮಾತಾಡದೆ ಟ್ರಂಕ್ ತೆಗೆದು ಕರಿ ಕಂಬಳಿ ಹೊರಗೆ ಹಾಕಿದರು. ವೆಂಟಿಲೇಟರಿನ ಮೇಲೆ ಎರಡು ಮೊಳೆ ಹೊಡೆಸಿ ಗೋಡೆಗೆ ಒತ್ತಿಕೊಂಡ ಹಾಗೆ ಇಳಿಬಿಟ್ಟರು. ಎರಡೂ ಬದಿ ಮುಕ್ಕಾಲು ಅಡಿ ಜಾಸ್ತಿಯೇ ಇತ್ತು. ಕೋಣೆ ಅಮಾವಾಸ್ಯೆ ಆಯ್ತು. ನಾನು ಮೂರೂವರೆಗೆ ಎದ್ದೆ.

ಕಂಬಳಿಯನ್ನು ಹೊಗಳ್ತಿಲ್ಲ. ಉಣ್ಣೆ ಉದುರಿ ನನಗೆ ವಾರವಿಡೀ ಸೀನು. ಮೊದಲ ಮಳೆಗೆ ಕುರಿ ವಾಸನೆ ಬೇರೆ. ಆದರೆ ಎಲ್ಲಿ ತಪ್ಪಿದ್ದೆ ಅಂತ ಗೊತ್ತಾಗಿದ್ದು ಅದರಿಂದಲೇ. ಕಿಟಕಿ ಮುಚ್ಚಿದರೆ ಸಾಲದು, ಕಿಟಕಿಯ ಸುತ್ತಲಿನ ಗೋಡೆಯನ್ನೂ ಮುಚ್ಚಬೇಕು.

ಮತ್ತೆ ಅದೇ ಟೇಲರ್ ಹತ್ತಿರ ಹೋದೆ, ನಾಚಿಕೆ ಬಿಟ್ಟು. ಅದೇ ಬಟ್ಟೆಗೆ ಇನ್ನಷ್ಟು ಬಟ್ಟೆ ಜೋಡಿಸಿದ. ಅಗಲ ಕಿಟಕಿಯ ಎರಡರಷ್ಟು. ರಾಡು ವೆಂಟಿಲೇಟರಿಗಿಂತ ಮೇಲೆ, ಎರಡೂ ಕಡೆ ಮುಕ್ಕಾಲು ಅಡಿ ಆಚೆಗೆ. ತುದಿ ಬಟ್ಟೆಯನ್ನು ಗೋಡೆ ಕಡೆ ಮಡಚಿ ಗೋಡೆಯಲ್ಲೇ ಒಂದು ಕೊಕ್ಕೆಗೆ ಸಿಕ್ಕಿಸಿದೆವು. ಮೇಲೆ ಬಡಗಿಯಿಂದ ಪೆಲ್ಮೆಟ್. ಹಳೇ ಮನೆಗಳಲ್ಲಿ ಇರುತ್ತಿತ್ತಲ್ಲ, ಪರದೆ ಮೇಲಿನ ಮರದ ಡಬ್ಬಿ, ಅದೇ. ಧೂಳು ಕೂರುತ್ತೆ ಅಂತ ಈಗ ಯಾರೂ ಹಾಕಿಸಲ್ಲ. ಬಾಡಿಗೆ ಮನೆ, ಮೊಳೆ ಹೊಡೆಯೋಕೆ ಓನರ್ ಬಿಡಲ್ಲ ಅಂದ್ರೆ, ಕಿಟಕಿ ಚೌಕಟ್ಟು ಕಬ್ಬಿಣದ್ದಾ ನೋಡಿ. ಕರ್ಟನ್ ಅಂಚಿಗೆ ಸಣ್ಣ ಆಯಸ್ಕಾಂತ ಹೊಲಿಸಿದರೆ ತಾನೇ ಹಿಡಿದುಕೊಳ್ಳುತ್ತೆ. ಮರದ್ದಾದರೆ ವೆಲ್ಕ್ರೋ. ರೆಡಿಮೇಡ್ ತಗೊಂಡರೆ ಒಂದು ಪ್ಯಾನೆಲ್ ಅಗಲ ಸಾಮಾನ್ಯವಾಗಿ ನಾಲ್ಕಡಿ. ನಾಲ್ಕಡಿ ಕಿಟಕಿಗೆ ಎರಡು ಬೇಕೇ ಬೇಕು, ಮೂರಿದ್ದರೆ ಇನ್ನೂ ಒಳ್ಳೇದು. ಉದ್ದ ಐದಡಿಯ 'ವಿಂಡೋ ಸೈಜ್' ಬೇಡ, ಏಳಡಿಯ 'ಡೋರ್ ಸೈಜ್' ಕೇಳಿ.

ಬಟ್ಟೆ ಪರೀಕ್ಷೆಗೆ ಅಂಗಡಿಯವನ ಮಾತು ಬೇಡ. ಮೊಬೈಲ್ ಟಾರ್ಚ್ ಹಚ್ಚಿ ಬಟ್ಟೆ ಹಿಂದೆ ಒತ್ತಿ ಹಿಡಿಯಿರಿ. ಬೆಳಕು ಕಂಡರೆ ಅದು 'ಡಿಮ್‌ಔಟ್', ಬೆಳಕನ್ನು ಮಂಕು ಮಾಡುವಂಥದ್ದು. ಏನೂ ಕಾಣದಿದ್ದರೆ ಬ್ಲ್ಯಾಕೌಟ್. ಅರ್ಧ ನಿಮಿಷದ ಕೆಲಸ.

ಇನ್ನು ಸೆಖೆ. ಇದನ್ನು ನೀವು ಕೇಳೇ ಇಲ್ಲ, ಆದರೆ ಮೇಲಿನ ಮಹಡಿಯವರಿಗೆ ಅರ್ಧ ರೋಗ ಇದೇ. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ತಾಪ ಸ್ವಲ್ಪ ಇಳಿಯಬೇಕು, ಹಗಲಿನಲ್ಲಿ ಅದು ಏರುವ ಹೊತ್ತು. ಒಳಗಿನ ಕರ್ಟನ್ ಎಷ್ಟೇ ದುಬಾರಿಯದ್ದಾಗಲಿ, ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಅದನ್ನು ಹಿಡಿಯುತ್ತೆ. ಬಟ್ಟೆ ಕಾದು ಆ ಶಾಖ ಕೋಣೆಗೇ. ಬಿಸಿಲನ್ನು ಹೊರಗೇ ತಡೆಯಬೇಕು. ಗಿಡಗಳ ನರ್ಸರಿಗಳಲ್ಲಿ ಕಟ್ಟುವ ಹಸಿರು ಶೇಡ್ ನೆಟ್ ತಂದು ನಾವು ಹೊರಗಡೆ ಸರಳುಗಳಿಗೆ ಬಿಗಿದೆವು. ಬಿದಿರಿನ ತಟ್ಟಿಯೂ ಆಗುತ್ತೆ. ಓನರ್ ಒಪ್ಪಿದ್ದಕ್ಕೆ ಮಾಳಿಗೆಗೆ ಎರಡು ಕೋಟ್ ಸುಣ್ಣವನ್ನೂ ಹೊಡೆಸಿದೆವು. ಗಾಜಿಗೆ ಕಪ್ಪು ಕಾಗದವನ್ನಂತೂ ಅಂಟಿಸಬೇಡಿ. ಗಾಜು ಒಂದು ಕಡೆ ಕಾದು, ನೆರಳಿರುವ ಕಡೆ ತಣ್ಣಗಿದ್ದರೆ ಸೀಳುವುದೂ ಉಂಟು. ಕೂಲರ್ ಇದ್ದರೆ ಎಲ್ಲ ಬಂದ್ ಮಾಡಿ ಮಲಗಬೇಡಿ. ಗಾಳಿ ಹೊರಗೆ ಹೋಗೋಕೆ ಆಚೆ ಬಾಗಿಲು ಸ್ವಲ್ಪ ತೆರೆದಿರಲಿ, ಇಲ್ಲದಿದ್ರೆ ಮೈಗೆಲ್ಲ ಅಂಟಂಟು. ಕೂಲರಿನ ಸದ್ದಿಗೆ ತರಕಾರಿ ಗಾಡಿಯ ಮೈಕ್ ಕೇಳಿಸಲ್ಲ, ಅದೊಂದು ಲಾಭ.

ಬೆಳಿಗ್ಗೆ ಬಸ್ಸಿನಲ್ಲಿ ಬರೋರಾದರೆ ಕಪ್ಪು ಕನ್ನಡಕ ಹಾಕಿಕೊಳ್ಳಿ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮಿದುಳಿನ ಗಡಿಯಾರ 'ಬೆಳಗಾಯ್ತು, ಏಳು' ಅನ್ನುತ್ತೆ, ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನನ್ನು ನಿಲ್ಲಿಸುತ್ತೆ. ಗಾಡಿ ನೀವೇ ಓಡಿಸೋದಾದರೆ ಮಾತ್ರ ಬೇಡ. ನಿದ್ದೆಗೆಟ್ಟ ಕಣ್ಣಿಗೆ ಇನ್ನಷ್ಟು ಮಂಪರು ಬರುತ್ತೆ.

ಈಗ ನಿಮ್ಮ 8 ಸಾವಿರವನ್ನು ಎರಡು ದಿನ ಜೇಬಲ್ಲೇ ಇಟ್ಟುಕೊಳ್ಳಿ. ನಾಳೆ ಹತ್ತು ಗಂಟೆಗೆ ಇರೋ ಬೆಡ್‌ಶೀಟನ್ನೋ ಚಾಪೆಯನ್ನೋ ಕಿಟಕಿಗೆ ಕಟ್ಟಿ, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೂತಿರಿ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಬೆಳಕು ಎಲ್ಲೆಲ್ಲಿಂದ ಬರುತ್ತೆ ಅಂತ ಬಳಪದಲ್ಲಿ ಗುರುತು ಹಾಕಿ. ಬಾಗಿಲ ಕೆಳಗಿನ ಸಂದಿ, ಎಕ್ಸಾಸ್ಟ್ ಫ್ಯಾನಿನ ತೂತು, ಇನ್ವರ್ಟರಿನ ಹಸಿರು ದೀಪ ಎಲ್ಲ ಆಗ ಕಾಣುತ್ತೆ. ಆಮೇಲೆ ಟೇಪ್ ಹಿಡಿದು ಅಳತೆ ತಗೊಳ್ಳಿ. ಟೇಲರ್ "ಸೈಡಿಗೆ ಎಷ್ಟು ಬಿಡ್ಲಿ" ಅಂದ್ರೆ "ನೀನೇ ಹೇಳಪ್ಪ" ಅನ್ನಿ.

ಬಣ್ಣನಾ? ನಂದು ಮೆರೂನ್. ಜೋಡಿಸೋಕೆ ಅದೇ ಬಣ್ಣ ಸಿಗಲಿಲ್ಲ, ಹಾಗಾಗಿ ಅರ್ಧ ಮೆರೂನ್, ಅರ್ಧ ಬೂದಿ. ಮಲಗಿದ ಮೇಲೆ ಯಾವುದೂ ಕಾಣಲ್ಲ.