ಓದುಗರ ಪ್ರಶ್ನೆ: ‘ಎಲಿಜಬೆತ್’ ಚಿತ್ರದ ರಾಣಿ, ಚರಿತ್ರೆಯ ರಾಣಿ

ಶೇಖರ್ ಕಪೂರ್ ನಿರ್ದೇಶಿಸಿ 1998ರಲ್ಲಿ ತೆರೆಕಂಡ ಇಂಗ್ಲಿಷ್ ಚಿತ್ರ ‘ಎಲಿಜಬೆತ್’, ಹದಿನಾರನೆಯ ಶತಮಾನದ ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತಳ ಕಥೆ. ಅದರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ (ಧಾರವಾಡದಿಂದ): ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ರಾಣಿ ಒಂದೇ ಏಟಿಗೆ ಶತ್ರುಗಳನ್ನೆಲ್ಲ ಹಿಡಿಸಿ ಮುಗಿಸುತ್ತಾಳೆ. ನಿಜಕ್ಕೂ ಹೀಗೆ ನಡೆದಿತ್ತೇ?

ಉತ್ತರ: ಇಲ್ಲ. ಎಲಿಜಬೆತ್ ರಾಣಿಯಾದದ್ದು 1558ರ ನವೆಂಬರ್ 17ರಂದು, 25ನೆಯ ವಯಸ್ಸಿನಲ್ಲಿ. ಆ ಶತ್ರುಗಳಲ್ಲಿ ಮುಖ್ಯನಾದ ನಾರ್ಫೋಕ್‌ನ ಡ್ಯೂಕ್‌ನ ತಲೆ ಉರುಳಿದ್ದು 1572ರ ಜೂನ್ 2ರಂದು. ನಡುವೆ ಹದಿಮೂರೂವರೆ ವರ್ಷ. ಅವನ ಮೇಲಿನ ರಾಜದ್ರೋಹದ ಆರೋಪ ಆ ವರ್ಷದ ಜನವರಿಯಲ್ಲೇ ಸಾಬೀತಾಗಿತ್ತು. ಆದರೂ ರಾಣಿ ಮರಣದಂಡನೆಯ ಆಜ್ಞೆಗೆ ಸಹಿ ಹಾಕುವುದು, ಮತ್ತೆ ಅದನ್ನು ಹಿಂದಕ್ಕೆ ಪಡೆಯುವುದು, ಹೀಗೆ ತಿಂಗಳುಗಟ್ಟಲೆ ಎಳೆದಳು.

ಚಿತ್ರ ನೋಡುವಾಗ ಕೈಯಲ್ಲೊಂದು ಕಾಗದ ಇಟ್ಟುಕೊಂಡು ದೃಶ್ಯದ ಪಕ್ಕ ಇಸವಿ ಬರೆಯುತ್ತಾ ಹೋಗಿ. ಕಾಲವನ್ನು ಎಲ್ಲೆಲ್ಲಿ ಮಡಚಿದ್ದಾರೆಂಬುದು ಕಾಣುತ್ತದೆ. ರಾಣಿಯ ವಿರುದ್ಧ ಸಂಚು ಹೂಡುವ ಬಿಷಪ್ ಗಾರ್ಡಿನರ್ ಸತ್ತದ್ದು 1555ರಲ್ಲಿ, ಅಂದರೆ ಅವಳು ಪಟ್ಟಕ್ಕೆ ಬರುವುದಕ್ಕೆ ಮೂರು ವರ್ಷ ಮೊದಲೇ. ಸ್ಕಾಟ್ಲೆಂಡಿನ ರಾಜಮಾತೆ ಮೇರಿ ಆಫ್ ಗೀಸ್ 1560ರ ಜೂನ್‌ನಲ್ಲಿ ಮೈ ಊದಿಕೊಳ್ಳುವ ಕಾಯಿಲೆಯಿಂದ ತೀರಿಕೊಂಡಳು; ಅದರಲ್ಲಿ, ಚಿತ್ರ ಸೂಚಿಸುವಂತೆ, ರಾಣಿಯ ಗೂಢಚಾರರ ಮುಖ್ಯಸ್ಥ ವಾಲ್ಸಿಂಗ್‌ಹ್ಯಾಮ್‌ನ ಕೈವಾಡವಿರಲಿಲ್ಲ. ಪೋಪ್ ಐದನೆಯ ಪಯಸ್ ರಾಣಿಗೆ ಚರ್ಚಿನಿಂದ ಬಹಿಷ್ಕಾರ ಹಾಕಿದ್ದು 1570ರಲ್ಲಿ. ಹೆಣ್ಣುಡುಗೆ ತೊಟ್ಟು ಕುಣಿಯುವ ಫ್ರೆಂಚ್ ರಾಜಕುಮಾರನಂತೂ ಇನ್ನೂ ದೂರದವನು. ಮದುವೆಯ ಮಾತಿಗೆಂದು ಆಂಜೂ ಡ್ಯೂಕ್ ಫ್ರಾನ್ಸಿಸ್ ಇಂಗ್ಲೆಂಡಿಗೆ ಬಂದದ್ದು 1579ರಲ್ಲಿ. ಆಗ ಅವನಿಗೆ 24, ರಾಣಿಗೆ 45.

ಎರಡು ಗಂಟೆಯ ಚಿತ್ರದಲ್ಲಿ ಇಸವಿಗಳು ಒತ್ತೊತ್ತಾಗುವುದನ್ನು ತಪ್ಪೆನ್ನಲಾರೆವು. ಆದರೆ ಒಂದು ನಷ್ಟವನ್ನು ಹೇಳಲೇಬೇಕು. ಚಿತ್ರದ ಎಲಿಜಬೆತ್ ಥಟ್ಟನೆ ಗಟ್ಟಿ ಮನಸ್ಸು ಮಾಡಿ ಗೆಲ್ಲುತ್ತಾಳೆ. ಚರಿತ್ರೆಯ ಎಲಿಜಬೆತ್ ಗೆದ್ದದ್ದು ತಡ ಮಾಡಿ. ಮದುವೆಯ ಪ್ರಸ್ತಾಪಕ್ಕೆ ಹೂಂ ಅನ್ನದೆ, ಉಹೂಂ ಅನ್ನದೆ ಇಪ್ಪತ್ತು ವರ್ಷ ದೂಡಿದಳು. ಅಷ್ಟು ಕಾಲ ಸ್ಪೇನ್, ಫ್ರಾನ್ಸ್, ಆಸ್ಟ್ರಿಯಾಗಳ ಅರಮನೆಗಳಲ್ಲಿ ಆಸೆ ಆರಲಿಲ್ಲ. ಈ ತಾಳ್ಮೆಯನ್ನು ತೆರೆಯ ಮೇಲೆ ತೋರಿಸುವುದು ಕಷ್ಟ, ಆದರೆ ಅವಳ ರಾಜಕಾರಣವೆಂದರೆ ಅದೇ.

ಪ್ರಶ್ನೆ (ಮೈಸೂರಿನಿಂದ): ಮತದಾನಕ್ಕೆ ಮುನ್ನ ವಾಲ್ಸಿಂಗ್‌ಹ್ಯಾಮ್ ಬಿಷಪ್‌ಗಳನ್ನು ಕೂಡಿಹಾಕುವ ದೃಶ್ಯವೂ ಕಲ್ಪನೆಯೇ?

ಉತ್ತರ: ಇದಕ್ಕೆ ಅರ್ಧ ಆಧಾರವಿದೆ, ಆ ಅರ್ಧವೇ ಸ್ವಾರಸ್ಯದ್ದು. 1559ರ ಮಾರ್ಚ್ ಕೊನೆಯಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪೋಪ್ ಪರವಾದ ಕ್ಯಾಥೊಲಿಕ್ ಮತ್ತು ಅವನನ್ನು ಒಪ್ಪದ ಪ್ರಾಟೆಸ್ಟೆಂಟ್ ಪಂಡಿತರ ನಡುವೆ ಬಹಿರಂಗ ವಾದ ಏರ್ಪಾಡಾಯಿತು. ವಾದ ನಡೆಯಬೇಕಾದ ಕ್ರಮದ ಮೇಲೆಯೇ ಜಗಳ ಹತ್ತಿ ಸಭೆ ಮುರಿದುಬಿತ್ತು. ಆಜ್ಞೆ ಮೀರಿದರೆಂಬ ಕಾರಣಕ್ಕೆ ಕ್ಯಾಥೊಲಿಕರಾದ ವಿಂಚೆಸ್ಟರ್ ಮತ್ತು ಲಿಂಕನ್‌ನ ಬಿಷಪ್‌ಗಳನ್ನು ಲಂಡನ್ ಟವರ್‌ಗೆ ಕಳಿಸಿದರು. ಎಲ್ಲ ಚರ್ಚುಗಳಲ್ಲೂ ಒಂದೇ ಪ್ರಾಟೆಸ್ಟೆಂಟ್ ಪ್ರಾರ್ಥನಾ ಕ್ರಮ ತರುವ ಮಸೂದೆ ಏಪ್ರಿಲ್‌ನಲ್ಲಿ ಮೇಲ್ಮನೆಗೆ ಬಂದಾಗ ಪರವಾಗಿ 21, ವಿರುದ್ಧ 18. ಅಂತರ ಬರೀ ಮೂರು ಮತ. ಸೆರೆಯಲ್ಲಿದ್ದ ಇಬ್ಬರೂ ಬಂದು ಮತ ಹಾಕಿದ್ದರೆ ಅದು ಒಂದಕ್ಕಿಳಿಯುತ್ತಿತ್ತು.

ಸಾವೂ ಎಲಿಜಬೆತಳ ಕಡೆಗಿತ್ತು. ಕ್ಯಾಥೊಲಿಕ್ ಪಕ್ಷದ ಹಿರಿಯ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ರೆಜಿನಾಲ್ಡ್ ಪೋಲ್, ಎಲಿಜಬೆತಳ ಅಕ್ಕ, ಹಿಂದಿನ ರಾಣಿ ಮೇರಿ ಸತ್ತ ದಿನವೇ ತೀರಿಕೊಂಡಿದ್ದ. ಇನ್ನೂ ಹಲವು ಬಿಷಪ್ ಪೀಠಗಳು ಖಾಲಿ ಬಿದ್ದಿದ್ದವು.

ಚಿತ್ರದಲ್ಲಿ ಎದ್ದು ಕಾಣದ ಇನ್ನೊಂದು ಚಾಣಾಕ್ಷತನ ಒಂದು ಪದದಲ್ಲಿದೆ. ತಂದೆ ಎಂಟನೆಯ ಹೆನ್ರಿ ತನ್ನನ್ನು ಚರ್ಚಿನ ‘ಪರಮ ಶಿರಸ್ಸು’ ಎಂದು ಕರೆಸಿಕೊಂಡಿದ್ದ. ಹೆಂಗಸೊಬ್ಬಳು ಚರ್ಚಿಗೆ ತಲೆಯಾಗುವುದನ್ನು ಕ್ಯಾಥೊಲಿಕರಷ್ಟೇ ಅಲ್ಲ, ಪ್ರಾಟೆಸ್ಟೆಂಟರಲ್ಲೂ ಹಲವರು ಒಪ್ಪುತ್ತಿರಲಿಲ್ಲ. ಹಾಗಾಗಿ 1559ರ ಕಾನೂನಿನಲ್ಲಿ ಆ ಪದ ತೆಗೆದು ‘ಪರಮ ಆಡಳಿತಗಾರ್ತಿ’ ಎಂಬರ್ಥದ ಪದ ಹಾಕಿದರು. ಅಧಿಕಾರ ಹೆಚ್ಚುಕಡಿಮೆ ಅದೇ, ಹೆಸರು ಮಾತ್ರ ಬೇರೆ.

ಇದರ ಹಿಂದೆ ದುಡಿದ ರಾಣಿಯ ಮಂತ್ರಿ ವಿಲಿಯಂ ಸೆಸಿಲ್ ಚಿತ್ರದಲ್ಲಿ ನಿವೃತ್ತಿಗೆ ಕಳಿಸಬೇಕಾದ ಮುದುಕ. ಆಗ ಅವನ ನಿಜವಾದ ವಯಸ್ಸು 38. ಅಲ್ಲಿಂದ 40 ವರ್ಷ, 1598ರಲ್ಲಿ ಸಾಯುವವರೆಗೂ, ರಾಣಿಯ ಪಕ್ಕದಲ್ಲೇ ಇದ್ದ. ವಾಲ್ಸಿಂಗ್‌ಹ್ಯಾಮ್ ಮುಖ್ಯ ಕಾರ್ಯದರ್ಶಿಯಾದದ್ದು 1573ರಲ್ಲಿ. ಆರಂಭದ ಆ ವರ್ಷಗಳ ಕೆಲಸದ ಬಹುಪಾಲು ಸೆಸಿಲ್‌ನದು. ಅವನಿಗೆ ಈ ಚಿತ್ರದಿಂದ ಆಗಿರುವ ಅನ್ಯಾಯ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ (ಹಾಸನದಿಂದ): ಚಿತ್ರದಲ್ಲಿ ರಾಣಿಯ ಪ್ರೇಮಿಯಾದ ರಾಬರ್ಟ್ ಡಡ್ಲಿಗೆ ಮದುವೆಯಾಗಿರುವುದು ರಾಣಿಗೆ ಗೊತ್ತೇ ಇರಲಿಲ್ಲವೇ?

ಉತ್ತರ: ಗೊತ್ತಿತ್ತು. 1550ರ ಜೂನ್‌ನಲ್ಲಿ ನಡೆದ ಆ ಮದುವೆ ಗುಟ್ಟಿನದಲ್ಲ. ಎಲಿಜಬೆತಳ ತಮ್ಮ, ದೊರೆ ಎಡ್ವರ್ಡ್, ಅದಕ್ಕೆ ಹೋಗಿದ್ದ. ತೊಡಕು ಶುರುವಾದದ್ದು 1560ರ ಸೆಪ್ಟೆಂಬರ್ 8ರಂದು, ಡಡ್ಲಿಯ ಹೆಂಡತಿ ಏಮಿ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಸತ್ತು ಬಿದ್ದಾಗ. ಅವಳು ಬದುಕಿದ್ದಷ್ಟು ದಿನ ರಾಣಿಯೊಂದಿಗೆ ಅವನ ಮದುವೆ ಸಾಧ್ಯವಿರಲಿಲ್ಲ, ಸತ್ತ ಮೇಲೆ ಕೊಲೆಯ ಅಪವಾದದ ಭಯಕ್ಕೆ ಇನ್ನೂ ಅಸಾಧ್ಯವಾಯಿತು. ಚಿತ್ರದಲ್ಲಿ ಡಡ್ಲಿ ರಾಣಿಗೆ ದ್ರೋಹ ಬಗೆದದ್ದಂತೂ ಕಟ್ಟುಕಥೆ. 1588ರಲ್ಲಿ ಸಾಯುವವರೆಗೂ ಅವನು ರಾಣಿಗೆ ಆಪ್ತನಾಗಿಯೇ ಇದ್ದ.

ಪ್ರಶ್ನೆ (ಮಂಗಳೂರಿನಿಂದ): ಅರಮನೆಯಲ್ಲಿ ಅಷ್ಟೊಂದು ಕಲ್ಲು, ಅಷ್ಟೊಂದು ಕತ್ತಲೆ ಏಕೆ? ರಾಣಿಯ ಪಾತ್ರ ಮಾಡಿದ ಕೇಟ್ ಬ್ಲಾಂಚೆಟ್‌ಗೆ ಆಸ್ಕರ್ ಬಂತೇ?

ಉತ್ತರ: ರಾಣಿ ವಾಸವಿದ್ದ ವೈಟ್‌ಹಾಲ್ ಅರಮನೆ 1698ರಲ್ಲೇ ಸುಟ್ಟುಹೋಯಿತು. ಅದರ ಬದಲಿಗೆ ಡರ್ಹಮ್ ಕಥೀಡ್ರಲ್ ಬಳಸಿದರು. ಪಟ್ಟಾಭಿಷೇಕವನ್ನು ಯಾರ್ಕ್ ಮಿನ್‌ಸ್ಟರ್‌ನಲ್ಲಿ ಚಿತ್ರೀಕರಿಸಿದರು. ಡರ್ಹಮ್ ಕಟ್ಟಲು ತೊಡಗಿದ್ದು 1093ರಲ್ಲಿ, ರಾಣಿಗಿಂತ ನಾಲ್ಕೂವರೆ ಶತಮಾನ ಹಿಂದೆ. ಆಕೆಯ ಕಾಲದ ಅರಮನೆಯ ಒಳಗೋಡೆಗೆ ಮರದ ಹಲಗೆ, ಮೇಲೆ ಬಣ್ಣದ ನೇಯ್ಗೆಯ ತೂಗುಪರದೆ ಇರುತ್ತಿದ್ದವು. ಬರಿಗಲ್ಲು, ಮೇಲಿನಿಂದ ಹದ್ದಿನಂತೆ ನೋಡುವ ಕ್ಯಾಮೆರಾ, ಇವೆರಡೂ ಹುಡುಗಿಯ ಒಂಟಿತನ ತೋರಿಸಲು ನಿರ್ದೇಶಕರು ಆಯ್ದುಕೊಂಡವು, ಮತ್ತು ಚೆನ್ನಾಗಿಯೇ ಹೊಂದಿವೆ. ಇನ್ನು ಆಸ್ಕರ್: ಏಳು ನಾಮನಿರ್ದೇಶನಗಳಲ್ಲಿ ಬ್ಲಾಂಚೆಟ್ ಅವರದೂ ಒಂದು, ಆದರೆ ಬಂದದ್ದು ಮೇಕಪ್‌ಗೆ ಮಾತ್ರ.

ಪ್ರಶ್ನೆ (ಶಿವಮೊಗ್ಗದ ಕಾಲೇಜು ನಾಟಕ ತಂಡದಿಂದ): ಕೊನೆಯ ದೃಶ್ಯದಲ್ಲಿನ ರಾಣಿಯ ಬಿಳಿ ಬಳಿದ ಮುಖವನ್ನು ರಂಗದ ಮೇಲೆ ತರಬೇಕು. ಬಳಿದರೆ ಬಾಯಿಯ ಸುತ್ತ ಬಿರುಕು ಬಿಡುತ್ತದೆ. ಏನು ಮಾಡುವುದು?

ಉತ್ತರ: ಮೊದಲು ಎಚ್ಚರಿಕೆಯ ಮಾತು. ಆ ಕಾಲದ ಸಿರಿವಂತ ಹೆಂಗಸರು ಹಚ್ಚುತ್ತಿದ್ದುದು ಸೀಸದ ತಗಡಿಗೆ ವಿನೆಗರ್ ಆವಿ ತಗುಲಿಸಿ ತೆಗೆದ ಬಿಳಿಪುಡಿ. ಅದು ವಿಷ. ಗೋಡೆ ಬಣ್ಣದ ಅಂಗಡಿಯ ಸಫೇದ ತರಬೇಡಿ; ಅದರಲ್ಲಿ ಏನು ಬೆರೆತಿದೆಯೋ ತಿಳಿಯುವುದಿಲ್ಲ. ನಾಟಕದ ಮೇಕಪ್ ಸಾಮಾನು ಮಾರುವಲ್ಲಿ ಚರ್ಮಕ್ಕೆಂದೇ ತಯಾರಿಸಿದ ಬಿಳಿ ಪ್ಯಾನ್‌ಕೇಕ್ ಕೇಳಿ, ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ತುರಿಕೆ ಬರುತ್ತದೆಯೇ ನೋಡಿ.

ಬಿರುಕಿಗೆ ಕಾರಣ ಎರಡು: ದಪ್ಪ ಲೇಪ, ಕೆಳಗೆ ಉಳಿದ ಎಣ್ಣೆ. ಮುಖ ತೊಳೆದು ಒರೆಸಿ, ಹುಣಸೆಬೀಜದಷ್ಟು ಕೋಲ್ಡ್ ಕ್ರೀಮ್ ತಿಕ್ಕಿ, ಐದು ನಿಮಿಷ ಬಿಟ್ಟು ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಸ್ಪಂಜನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಬಣ್ಣವನ್ನು ಎಳೆಯದೆ ತಟ್ಟುತ್ತಾ ತೆಳುವಾಗಿ ಒಂದು ಸುತ್ತು ಹಚ್ಚಿ. ಅದು ಪೂರ್ತಿ ಒಣಗಿದ ಮೇಲೆ ಎರಡನೆಯದು. ಬಾಯಿಯ ಅಂಚಿಗೆ ಒಂದೇ ಸುತ್ತು ಸಾಕು, ಅದೂ ನಟಿ ತುಟಿ ಅಗಲಿಸಿ ನಗುತ್ತಿರುವಾಗ ಹಚ್ಚಬೇಕು. ಆಗ ಚರ್ಮ ಹಿಗ್ಗಿರುವುದರಿಂದ ಮಾತಾಡುವಾಗ ಒಡೆಯುವುದು ಕಡಿಮೆ.

ಹುಬ್ಬು ಕಾಣಬಾರದು. ಹುಬ್ಬಿನ ಕೂದಲಿಗೆ ಚರ್ಮಕ್ಕೆ ಸುರಕ್ಷಿತವಾದ ಅಂಟುಕಡ್ಡಿ ತಿಕ್ಕಿ, ಮೇಲ್ಮುಖವಾಗಿ ಬಾಚಿ ಒಣಗಿಸಿ, ಪೌಡರ್ ಒತ್ತಿ, ಆಮೇಲೆ ಬಿಳಿ ಹಚ್ಚಿ. ಹಣೆ ಎತ್ತರವಾಗಿ ಕಾಣಲು ಕೆಂಪು ವಿಗ್ ಎರಡು ಬೆರಳು ಹಿಂದಕ್ಕೆ ಇಡಿ. ಕುತ್ತಿಗೆ, ಕಿವಿ, ಕೈಗಳಿಗೆ ಹಚ್ಚುವುದನ್ನು ಹೆಚ್ಚಿನ ತಂಡಗಳು ಮರೆಯುತ್ತವೆ; ಮರೆತರೆ ಮುಖವಾಡ ತೊಟ್ಟಂತೆ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಬಿಳಿ ನೀಲಿಗೆ ತಿರುಗುತ್ತದೆ, ಆದ್ದರಿಂದ ಹಳದಿ ದೀಪದಲ್ಲಿ ಒಮ್ಮೆ ತಾಲೀಮು ಮಾಡಿ ನೋಡಿ. ಬೆವರಿದರೆ ಒರೆಸಬೇಡಿ, ಟಿಶ್ಯೂ ಒತ್ತಿ ಪೌಡರ್ ಹಾಕಿ. ನಾಟಕ ಮುಗಿದ ಮೇಲೆ ಮೊದಲು ತೆಂಗಿನೆಣ್ಣೆಯಿಂದ ಬಣ್ಣ ಕರಗಿಸಿ ಒರೆಸಿ, ಆಮೇಲೆ ಸೋಪು.