ಅಲ್ಸರ್ ಮಾತ್ರೆ ಶುರುವಾದ ಮೇಲೆ ಹೊಟ್ಟೆ ಕೆಟ್ಟಿದೆ, ನಿಲ್ಲಿಸಲಾ?

ಪ್ರಶ್ನೆ: ಮೇಡಂ, ನನಗೆ 51 ವರ್ಷ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್, ಹಾಸನ–ಮಂಗಳೂರು ರೂಟು. ಹೊಟ್ಟೆ ಉರಿ, ರಾತ್ರಿ ನೋವು ಅಂತ ಎಂಡೋಸ್ಕೋಪಿ ಮಾಡಿಸಿದೆ. ಸಣ್ಣ ಕರುಳಿನ ಶುರುವಿನಲ್ಲೇ ಹುಣ್ಣಿದೆ, ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾನೂ ಇದೆ ಅಂದರು. ರಕ್ತ ಸ್ವಲ್ಪ ಕಡಿಮೆಯಂತೆ. 14 ದಿನಕ್ಕೆ ಪ್ಯಾಂಟೊಪ್ರಜೋಲ್, ಅಮಾಕ್ಸಿಸಿಲಿನ್, ಕ್ಲಾರಿಥ್ರೊಮೈಸಿನ್ ಬರೆದಿದ್ದಾರೆ. ಜೊತೆಗೆ ಸುಕ್ರಾಲ್ಫೇಟ್ ಸಿರಪ್ಪು, ಐರನ್ ಮಾತ್ರೆ. ಮೊದಲೆರಡು ದಿನ ಮೋಷನ್ನೇ ಆಗಲಿಲ್ಲ. ಆಮೇಲಿಂದ ದಿನಕ್ಕೆ ನಾಲ್ಕೈದು ಸಲ ತೆಳ್ಳಗೆ ಹೋಗ್ತಿದೆ. ಬಣ್ಣವೂ ಕಪ್ಪು. ಬಾಯೆಲ್ಲ ಕಹಿ. ಶಿರಾಡಿ ಘಾಟಿ ಮಧ್ಯೆ ಬಸ್ ನಿಲ್ಲಿಸಿ ಅನ್ನೋಕಾಗುತ್ತಾ? ಮಾತ್ರೆ ಉಷ್ಣ, ಬಿಟ್ಟುಬಿಡಿ ಅಂತಾಳೆ ಹೆಂಡತಿ. ಇನ್ನೂ ಒಂದು ವಾರದ ಮಾತ್ರೆ ಬಾಕಿ ಇದೆ. ನಿಲ್ಲಿಸಲಾ? ಅಂದ ಹಾಗೆ, ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದ ಮಾತ್ರೆ ಆಗಾಗ ನುಂಗ್ತೀನಿ. ಅದನ್ನ ಮುಂದುವರಿಸಬಹುದಲ್ವಾ?

ಉತ್ತರ: ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಮಾತ್ರೆಯೇ ಮುಗಿದಿರುತ್ತದೆ ಎಂದು ಎರಡು ಮಾತನ್ನು ಫೋನಿನಲ್ಲೇ ಹೇಳಿಸಿದ್ದೆ. ಕಪ್ಪಗೆ ಹೋಗುತ್ತಿದೆ ಎಂದು ಇವತ್ತೇ ನಿಮ್ಮ ಡಾಕ್ಟರಿಗೆ ತಿಳಿಸಿ, ಮಂಡಿ ಮಾತ್ರೆ ಬಿಡಿ ಎಂದು. ನೀವು ಹೋಗಿ ತೋರಿಸಿದಿರಿ, ಹಿಮೋಗ್ಲೋಬಿನ್ ಇಳಿದಿಲ್ಲ. ಸದ್ಯ! ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ, ಇಂಥದೇ ಚೀಟಿ ಹಿಡಿದವರು ಇನ್ನೂ ಬಹಳ ಜನ ಇರುತ್ತಾರೆ.

ನಿಮ್ಮ ಚೀಟಿಯ ಮದ್ದುಗಳು ಕರುಳನ್ನು ಒಂದೊಂದು ಒಂದೊಂದು ಕಡೆ ಎಳೆಯುತ್ತಿವೆ. ಮೊದಲೆರಡು ದಿನ ಕಟ್ಟಿಕೊಂಡದ್ದು ಸುಕ್ರಾಲ್ಫೇಟಿನಿಂದ ಇರಬೇಕು. ಅದು ಹುಣ್ಣಿನ ಮೇಲೆ ಅಂಟಿಕೊಂಡು ಆಸಿಡ್ ತಾಗದಂತೆ ನೋಡಿಕೊಳ್ಳುತ್ತದೆ. ಆದರೆ ಅದರಲ್ಲಿ ಅಲ್ಯೂಮಿನಿಯಂ ಇದೆ, ಮಲ ಗಟ್ಟಿಯಾಗುತ್ತದೆ. ಐರನ್ನಿನಿಂದಲೂ ಹಾಗಾಗುವುದುಂಟು. ಗ್ಯಾಸ್ಟ್ರಿಕ್‌ಗೆ ಎಂದು ಎಲ್ಲರೂ ಕುಡಿಯುವ ಆಂಟಾಸಿಡ್ ಸಿರಪ್ಪಿನಲ್ಲೂ ಇದೇ ಜಗ್ಗಾಟ. ಅಲ್ಯೂಮಿನಿಯಂ ಕಟ್ಟಿಸುತ್ತದೆ, ಮೆಗ್ನೀಷಿಯಂ ಸಡಿಲಿಸುತ್ತದೆ. ಅದಕ್ಕೇ ಎಷ್ಟೋ ಬಾಟಲಿಗಳಲ್ಲಿ ಎರಡನ್ನೂ ಬೆರೆಸಿರುತ್ತಾರೆ.

ಆಮೇಲೆ ಶುರುವಾದ ತೆಳು ಮೋಷನ್ನು ಹೆಚ್ಚಾಗಿ ಆಂಟಿಬಯಾಟಿಕ್‌ಗಳದ್ದು, ಅಂದರೆ ಅಮಾಕ್ಸಿಸಿಲಿನ್, ಕ್ಲಾರಿಥ್ರೊಮೈಸಿನ್‌ಗಳದ್ದು. ಅವು ಎಚ್. ಪೈಲೋರಿಯನ್ನಷ್ಟೇ ಹುಡುಕಿ ಕೊಲ್ಲುವುದಿಲ್ಲ. ದೊಡ್ಡ ಕರುಳಿನಲ್ಲಿ ನಮ್ಮ ಕೆಲಸ ಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಬಾಯಿ ಕಹಿ ಕ್ಲಾರಿಥ್ರೊಮೈಸಿನ್‌ನದು, ಕೋರ್ಸ್ ಮುಗಿದರೆ ಹೋಗುತ್ತದೆ. ಮೋಷನ್ ಕೂಡ ಕೆಲವು ದಿನಗಳಲ್ಲಿ ಸರಿಹೋಗುವುದೇ ಹೆಚ್ಚು.

ಹಾಗಾಗಿ ಅರ್ಧಕ್ಕೆ ನಿಲ್ಲಿಸಬೇಡಿ. ಒಂದು ವಾರ ಪೆಟ್ಟು ತಿಂದು ಉಳಿದುಕೊಂಡ ಬ್ಯಾಕ್ಟೀರಿಯಾ ಮುಂದಿನ ಸಲ ಅದೇ ಮಾತ್ರೆಗೆ ಬಗ್ಗದೇ ಹೋಗಬಹುದು. ಮಜ್ಜಿಗೆ, ಮೊಸರನ್ನ ಧಾರಾಳವಾಗಿ ತಗೊಳ್ಳಿ. ಹಾಲು, ಕಾಫಿ ಸ್ವಲ್ಪ ದಿನ ಕಡಿಮೆ ಮಾಡಿ. ಡ್ಯೂಟಿಗೆ ಹೊರಡುವಾಗ ಓಆರ್‌ಎಸ್ ಕಲಸಿದ ನೀರು ಬ್ಯಾಗಿನಲ್ಲಿರಲಿ. ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಲೋಟಕ್ಕೆ ಚಿಟಿಕೆ ಚಿಟಿಕೆ ಅಲ್ಲ. ಆದರೆ ರೂಟು ನೆನೆದು ಭೇದಿ ಕಟ್ಟಿಸುವ ಮಾತ್ರೆಯನ್ನು ನೀವೇ ತಂದು ನುಂಗಬೇಡಿ. ಆಂಟಿಬಯಾಟಿಕ್ ಆದ ಮೇಲೆ ಕೆಲವರಿಗೆ ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಎಂಬ ಕೆಟ್ಟ ಸೋಂಕು ತಗುಲುತ್ತದೆ. ಆಗ ಕಟ್ಟಿಸುವುದೇ ಅಪಾಯ. ನೀರು ನೀರಾಗಿ ಪದೇ ಪದೇ ಹೋದರೆ, ಜ್ವರ ಬಂದರೆ, ಹೊಟ್ಟೆ ಹಿಂಡಿದರೆ, ರಕ್ತ ಕಂಡರೆ ಡಾಕ್ಟರ್ ಹತ್ತಿರ ಹೋಗಿ. ಕೋರ್ಸ್ ಮುಗಿದು ಕೆಲವು ವಾರವಾದ ಮೇಲೆ ಶುರುವಾದರೂ ಅಷ್ಟೆ.

ಇನ್ನು ಬಣ್ಣ. ಐರನ್ ಮಾತ್ರೆಯಿಂದ ಮಲ ಹಸಿರು ಬೆರೆತ ಕಪ್ಪಾಗುತ್ತದೆ. ಹುಣ್ಣಿನಿಂದ ರಕ್ತ ಸೋರಿದರೆ ಡಾಂಬರಿನ ಹಾಗೆ ಮಿರಮಿರ ಮಿಂಚುತ್ತದೆ, ಅಂಟಂಟಾಗಿರುತ್ತದೆ, ನೀರು ಹಾಕಿದರೂ ಬೇಗ ಹೋಗುವುದಿಲ್ಲ, ವಾಸನೆ ತಡೆಯಲಾಗುವುದಿಲ್ಲ. ತಲೆಸುತ್ತು, ಬೆವರು, ಎದೆ ಡವಡವ ಸೇರಿಕೊಂಡರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ. ನಿಮ್ಮ ಹಾಗೆ ಹುಣ್ಣೂ ಇದೆ, ಐರನ್ನೂ ನಡೀತಿದೆ ಅನ್ನುವವರು ಬಣ್ಣ ನೋಡಿ ತಾವೇ ತೀರ್ಮಾನ ಮಾಡಬಾರದು. ಆಂಟಿಬಯಾಟಿಕ್ ಮುಗಿದ ಮೇಲೆ ಐರನ್ ಶುರು ಮಾಡಬಹುದಾ ಎಂದು ನಿಮ್ಮ ಡಾಕ್ಟರನ್ನು ಕೇಳಿ ನೋಡಿ, ಗೊಂದಲವಾದರೂ ತಪ್ಪುತ್ತದೆ.

ನೀವು ಕೊನೆಗೆ ‘ಅಂದ ಹಾಗೆ’ ಎಂದು ಸೇರಿಸಿದ ಸಾಲು ಓದಿ ನನಗೆ ನಿಜಕ್ಕೂ ಗಾಬರಿಯಾಯಿತು. ರೋಗಿಗಳು ಮುಖ್ಯವಾದದ್ದನ್ನು ಬಾಗಿಲ ಹತ್ತಿರ ಹೋಗಿ ನಿಂತು ಹೇಳುತ್ತಾರೆ, ಏನು ಮಾಡೋದು. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಗಳೆಲ್ಲ ಹೊಟ್ಟೆಯ ಒಳಪದರವನ್ನು ಕಾಯುವ ರಾಸಾಯನಿಕವನ್ನೇ ಕಡಿಮೆ ಮಾಡುತ್ತವೆ. ಹುಣ್ಣಿರುವವರು ಆಗಾಗ ನುಂಗಿದರೂ ರಕ್ತ ಬರಬಹುದು. ಇಂಜೆಕ್ಷನ್ ಆದರೆ ಹೊಟ್ಟೆಗೆ ಹೋಗಲ್ಲವಲ್ಲ ಎನ್ನುವವರೂ ಇದ್ದಾರೆ. ಮದ್ದು ರಕ್ತದಲ್ಲಿ ಸೇರಿ ಅಲ್ಲೂ ಅದೇ ಕೆಲಸ ಮಾಡುತ್ತದೆ. ಸ್ಟ್ರಿಪ್ ಮೇಲೆ ಪ್ಯಾರಾಸಿಟಮಾಲ್ ಎಂದಿದ್ದರೆ ಪೂರ್ತಿ ಓದಿ. ಎಷ್ಟೋ ಮಾತ್ರೆಗಳಲ್ಲಿ ಅದರ ಜೊತೆಗೇ ಅಸಿಕ್ಲೊಫೆನಾಕ್ ಇರುತ್ತದೆ. ಮಂಡಿಗೆ ಬರೀ ಪ್ಯಾರಾಸಿಟಮಾಲ್, ಹಚ್ಚುವ ಮುಲಾಮು, ತೊಡೆಗೆ ವ್ಯಾಯಾಮ ಸಾಕಾಗುತ್ತದಾ ನೋಡಿ. ಸಾಲದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ, ಹುಣ್ಣಿದೆ ಎಂದು ಮೊದಲೇ ಹೇಳಿ.

ಇಷ್ಟು ಮಾತ್ರೆ ಯಾಕೆ ಅನ್ನಿಸಿದರೆ ಹಳೆಯದನ್ನು ಸ್ವಲ್ಪ ಕೇಳಿ. ನಾನು ಓದುವಾಗ ಅಲ್ಸರ್ ಎಂದರೆ ಖಾರ, ಚಿಂತೆ, ಆಸಿಡ್ ಅಷ್ಟೇ. ವಾಸಿಯಾಗದವರಿಗೆ ಹೊಟ್ಟೆಗೆ ಹೋಗುವ ವೇಗಸ್ ನರ ಕತ್ತರಿಸುತ್ತಿದ್ದರು. ಆಸಿಡ್ ಇಳಿಯುತ್ತಿತ್ತು, ಆದರೆ ಕೆಲವರಿಗೆ ಆ ಆಪರೇಷನ್ನಿನಿಂದಲೇ ಭೇದಿ ಅಂಟಿಕೊಂಡು ವರ್ಷಗಟ್ಟಲೆ ಬಿಡುತ್ತಿರಲಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅಲ್ಸರ್‌ಗೆ ಕಾರಣವಾಗುವ ಈ ಎಚ್. ಪೈಲೋರಿಯ ಬೆನ್ನು ಹತ್ತಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಅದನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು.

ಮಾತ್ರೆಯ ಹೊತ್ತೂ ಮುಖ್ಯ. ಆಸಿಡ್ ಇಳಿಸುವ ಪ್ಯಾಂಟೊಪ್ರಜೋಲ್ ಊಟಕ್ಕೆ ಅರ್ಧ ಗಂಟೆ ಮುಂಚೆ. ಸುಕ್ರಾಲ್ಫೇಟ್ ಖಾಲಿ ಹೊಟ್ಟೆಗೆ, ಬೇರೆ ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಪ್ಯಾಂಟೊಪ್ರಜೋಲನ್ನು ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ತಗೊಳ್ಳಿ. ಸುಮ್ನೆ ವರ್ಷಗಟ್ಟಲೆ ನುಂಗಿದರೆ ಬಿ12, ಮೆಗ್ನೀಷಿಯಂ ಕಡಿಮೆಯಾಗಬಹುದು.

ನೋವು ಹೋಯಿತು ಎಂದರೆ ಬ್ಯಾಕ್ಟೀರಿಯಾ ಹೋಯಿತು ಎಂದಲ್ಲ. ಆಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ ಉಸಿರಿನ ಪರೀಕ್ಷೆಯನ್ನೋ ಮಲ ಪರೀಕ್ಷೆಯನ್ನೋ ಮಾಡಿಸಿ. ಅದಕ್ಕೆ ಎರಡು ವಾರ ಮೊದಲು ಡಾಕ್ಟರನ್ನು ಕೇಳಿ ಪ್ಯಾಂಟೊಪ್ರಜೋಲ್ ನಿಲ್ಲಿಸಬೇಕು, ಇಲ್ಲವಾದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಎಂದು ರಿಪೋರ್ಟ್ ಬರಬಹುದು. ಉಳಿದುಕೊಂಡಿದ್ದರೆ ಬೇರೆ ಕೋರ್ಸ್ ಬೇಕು. ಅದರಲ್ಲಿ ಬಿಸ್ಮತ್ ಎಂಬ ಮದ್ದು ಇದ್ದರೆ ಮಲ ಮಾತ್ರ ಅಲ್ಲ, ನಾಲಿಗೆಯೂ ಕಪ್ಪಾಗಬಹುದು. ಮನೆಯವರಿಗೆ ಮೊದಲೇ ಹೇಳಿಡಿ.