ಕಲ್ಲಿನ ಮನೆಗೆ ಅಷ್ಟೊಂದು ಕಿಟಕಿ ಯಾಕೆ?

ಪ್ರಶ್ನೆ: ಸಾರ್, ನಮ್ಮಣ್ಣನ ಮಗಳು ಇಂಗ್ಲೆಂಡಲ್ಲಿ ಓದ್ತಿದಾಳೆ, ಡರ್ಬಿಶೈರ್ ಕಡೆ ಹಾರ್ಡ್‌ವಿಕ್ ಹಾಲ್ ಅಂತ ಹಳೇ ಬಂಗಲೆ ನೋಡ್ಕಂಡು ಬಂದು ಫೋಟೋ ಕಳ್ಸಿದ್ಳು. ಕಲ್ಲಿನ ಮನೆ ಅಂತಾಳೆ, ನೋಡಿದ್ರೆ ಬರೀ ಕಿಟಕಿ. ನಾವು ದುರ್ಗದೋರು, ಕೋಟೆ ನೋಡಿ ಬೆಳೆದೋರು, ಒಬ್ಬ ಮನುಷ್ಯ ತೂರೋ ಕಿಂಡಿಗೇ ಇಲ್ಲಿ ಎಷ್ಟು ದೊಡ್ಡ ಕಥೆ ಐತೆ ಗೊತ್ತಲ್ಲ! ಅಷ್ಟು ಕಿಟಕಿ ಇಟ್ರೆ ಗೋಡೆ ಹೆಂಗೆ ನಿಲ್ತದೆ? ಅದೂ ಮೇಲ್ಮೇಲೆ ಹೋದಂಗೆ ದೊಡ್ಡ ಆಗ್ತಾವೆ, ಉಲ್ಟಾ ಅಲ್ವಾ?
– ಒಬ್ಬ ಓದುಗರು, ಚಿತ್ರದುರ್ಗ

ಉತ್ತರ: ಓಬವ್ವನ ಕಿಂಡಿಯಿಂದ ಶುರು ಮಾಡಿದ್ರಲ್ಲ, ಅಲ್ಲೇ ಅರ್ಧ ಉತ್ತರ ಐತೆ. ಕೋಟೆ ಕಟ್ಟಿದ್ದು ವೈರಿ ಒಳಗೆ ಬರ್ದಂಗೆ, ಹಾರ್ಡ್‌ವಿಕ್ ಕಟ್ಟಿದ್ದು ನಾಲ್ಕು ಜನ ನೋಡ್ಲಿ ಅಂತ. 1590ರಿಂದ 1597ರೊಳಗೆ ಕಟ್ಟಿಸಿದೋಳು ಬೆಸ್ ಆಫ್ ಹಾರ್ಡ್‌ವಿಕ್, ನಾಲ್ಕು ಮದ್ವೆ ಆಗಿ ನಾಲ್ಕು ಸಲನೂ ವಿಧವೆಯಾದ ಭಾರೀ ಶ್ರೀಮಂತೆ, ನಕ್ಷೆ ರಾಬರ್ಟ್ ಸ್ಮಿತ್ಸನ್‌ದು ಅಂತಾರೆ. ಆಗ ಗಾಜು ಅಂದ್ರೆ ದುಬಾರಿ ಮಾಲು, ನಮ್ಮಲ್ಲಿ ಮದ್ವೆ ಮನೇಲಿ ಮೈತುಂಬ ಬಂಗಾರ ಹಾಕ್ಕಂಡು ಓಡಾಡಲ್ವಾ ಹಂಗೆ ಈಯಮ್ಮ ಗೋಡೆಗೇ ಗಾಜು ಹಾಕಿಸಿದ್ಳು. 'ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಜಾಸ್ತಿ' ಅಂತ ಅಲ್ಲಿ ಜನ ಆಡ್ಕಳ್ಳೋದು ಸುಮ್ನೆ ಅಲ್ಲ. ಸಾಲದ್ದಕ್ಕೆ ಗೋಪುರಗಳ ನೆತ್ತಿ ಮೇಲೆ ಇ, ಎಸ್ ಅಂತ ತನ್ನ ಹೆಸರಿನ ಅಕ್ಷರನೂ ಕಲ್ಲಲ್ಲೇ ಕೆತ್ತಿಸಿದಾಳೆ, ಎಲಿಜಬೆತ್ ಶ್ರೂಸ್‌ಬರಿ ಅಂತ (ಬೆಸ್ ಅನ್ನೋದು ಎಲಿಜಬೆತ್‌ನ ಗಿಡ್ಡ ಹೆಸರು, ಶ್ರೂಸ್‌ಬರಿ ಕೊನೇ ಗಂಡನ ಪದವಿಯಿಂದ ಬಂದದ್ದು).

ಈಗ ಗೋಡೆ ಹೆಂಗೆ ನಿಂತೈತೆ ಅನ್ನೋದು. ಕಲ್ಲು ಮೇಲಿಂದ ಎಷ್ಟು ಭಾರ ಹೇರಿದ್ರೂ ತಡೀತದೆ, ಆದ್ರೆ ಉದ್ದಕ್ಕೆ ಚಾಚಿ ಎರಡೂ ತುದಿ ಮೇಲೆ ಕೂರ್ಸಿದ್ರೆ ನಡುವೆ ಸೀಳ್ತದೆ, ಅದಕ್ಕೇ ನಮ್ಮ ಬೆಟ್ಟದ ಗುಡಿ ಮಂಟಪದಾಗೆ ಕಂಬ ಅಷ್ಟು ಒತ್ತೊತ್ತಾಗಿ ಇರೋದು. ಅವ್ರ ಕಿಟಕಿನೂ ಅದೇ ಲೆಕ್ಕ: ಹತ್ರ ಹೋಗಿ ನೋಡಿದ್ರೆ ಒಂದೇ ದೊಡ್ಡ ತೆರಪು ಅಲ್ಲ, ಉದ್ದುದ್ದ ಅಡ್ಡಡ್ಡ ಕಲ್ಲಿನ ಪಟ್ಟಿ ಇಟ್ಟು ಭಾಗ ಮಾಡಿದಾರೆ, ಅದರೊಳಗೆ ಸೀಸದ ಪಟ್ಟಿಲಿ ಸಣ್ಣ ಸಣ್ಣ ಗಾಜಿನ ತುಂಡು. ಅಷ್ಟು ಸಪೂರಕ್ಕೆ ಕೆತ್ತೋಕೆ ಆಗಿದ್ದು ಅದು ಮರಳುಗಲ್ಲು ಆಗಿದ್ರಿಂದ. ನಮ್ಮ ಕಣಶಿಲೆ, ಅಂದ್ರೆ ಗ್ರಾನೈಟು, ಅಷ್ಟು ಸುಲಭಕ್ಕೆ ಬಗ್ಗಲ್ಲ ಸ್ವಾಮಿ, ಕೋಟೆ ಬಂಡೆ ಮೇಲೆ ಸಾಲಾಗಿ ತೂತು ನೋಡಿರ್ತೀರಿ, ಬೆಣೆ ಹೊಡೆದು ಸೀಳಬೇಕಿತ್ತು.

ಇನ್ನೊಂದು ಜಾಣತನ ಫೋಟೋದಲ್ಲಿ ಕಾಣಲ್ಲ. ಬೆಂಕಿಗೂಡಿನ ಹೊಗೆ ಚಿಮಣಿಗಳ್ನ ಹೊರಗೋಡೆಗೆ ಹಾಕದೆ ಎಷ್ಟೋ ಕಡೆ ಒಳಗೋಡೆಗೆ ಸೇರ್ಸಿದಾರೆ, ಹಂಗಾಗಿ ಹೊರಗೋಡೆ ಪೂರ್ತಿ ಕಿಟಕಿಗೆ ಖಾಲಿ ಸಿಕ್ತು.

ಮೇಲೆ ದೊಡ್ಡ ಯಾಕೆ ಅಂದ್ರೆ, ಕೆಳಗೆ ಕೆಲಸದೋರ ಓಡಾಟ, ನಡು ಅಂತಸ್ತಲ್ಲಿ ಮನೆಯೋರು, ದೊಡ್ಡ ಅತಿಥಿಗಳ ದರ್ಬಾರು ಎಲ್ಲಾ ಮೂರನೇ ಅಂತಸ್ತಲ್ಲಿ. ದರ್ಬಾರಿಗೆ ಎತ್ತರದ ಚಾವಣಿ, ಅದಕ್ಕೆ ತಕ್ಕ ಕಿಟಕಿ.

ಒಂದು ಮಜಾ ಕೇಳಿ, ಆ ಕಿಟಕಿಗಳಲ್ಲಿ ಕೆಲವು ಸುಳ್ಳು, ಗಾಜಿನ ಹಿಂದೆ ಬರೀ ಗೋಡೆ. 1696ರಲ್ಲಿ ಕಿಟಕಿಗೆ ತೆರಿಗೆ ಬಂದು ಆ ದೇಶದಲ್ಲಿ ಎಷ್ಟೋ ಜನ ಕಿಟಕಿ ಮುಚ್ಚಿದ್ದು ನಿಜ, ಆದ್ರೆ ಇವು ಅದಕ್ಕಲ್ಲ, ಎಡಬಲ ಸರಿಸಮ ಕಾಣ್ಲಿ ಅಂತ ಇಟ್ಟಿದ್ದು. ಮಗಳಿಗೆ ಹೇಳಿ, ಇನ್ನೊಂದ್ಸಲ ಹೋದಾಗ ಅದ್ರಲ್ಲಿ ಒಂದನ್ನಾದ್ರೂ ಹುಡುಕ್ಲಿ.